ಬಾಟಲಿಯ ಮೈಮೇಲಿನ ಅಂಗಿ

ಮಾನ್ಯ ಅಧ್ಯಕ್ಷರೆ, ಧಾರವಾಡದ ವಿಜ್ಞಾನಾಸಕ್ತ ಬಂಧುಗಳೆ,

ಇಂದಿನ ಆಮಂತ್ರಣ ಪತ್ರಿಕೆಯಲ್ಲಿ ‘ಕಸದಿಂದ ರಸ’ ಎಂದು ಅಚ್ಚಾಗಿದೆ. ಯಾವ ಕಸದಿಂದ ರಸ ಬಂದೀತು, ಯಾವುದರಿಂದ ಬಾರದು ಎಂಬುದು ಆ ವಸ್ತು ಕಾರ್ಖಾನೆಯಲ್ಲಿ ತಯಾರಾಗುವಾಗಲೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ವಾದ. 1998ರಲ್ಲಿ ರಸಾಯನ ವಿಜ್ಞಾನಿಗಳಾದ ಪಾಲ್ ಅನಾಸ್ತಾಸ್ ಮತ್ತು ಜಾನ್ ವಾರ್ನರ್, ಪರಿಸರಕ್ಕೆ ಹಾನಿಯಾಗದಂತೆ ವಸ್ತು ತಯಾರಿಸುವ ಹಸಿರು ರಸಾಯನಶಾಸ್ತ್ರದ 12 ತತ್ವಗಳನ್ನು ಮುಂದಿಟ್ಟಾಗ, ತ್ಯಾಜ್ಯವೇ ಹುಟ್ಟದಂತೆ ನೋಡಿಕೊಳ್ಳುವುದನ್ನು ಮೊದಲನೆಯ ತತ್ವವಾಗಿಸಿದರು.

ಹುಬ್ಬಳ್ಳಿಯ ಗುಜರಿ ಅಂಗಡಿಯೊಂದರಲ್ಲಿ ಹಿರಿಯ ತಾಯಿಯೊಬ್ಬರು ಬಾಟಲಿ ವಿಂಗಡಿಸುವುದನ್ನು ನೋಡುತ್ತ ನಿಂತಿದ್ದೆ. ಅನುಮಾನ ಬಂದ ಚೂರನ್ನು ಅವರು ಬಕೆಟ್ಟಿನ ನೀರಿಗೆ ಹಾಕುತ್ತಿದ್ದರು. ನೀರು, ತಂಪು ಪಾನೀಯ ತುಂಬುವ ಪೆಟ್ ಎಂಬ ಪ್ಲಾಸ್ಟಿಕ್ಕಿನ ಬಾಟಲಿಯ ಚೂರು ಮುಳುಗಿತು, ಮುಚ್ಚಳದ ಚೂರು ತೇಲಿತು. ಸಾಂದ್ರತೆಯ ಈ ಪಾಠಕ್ಕೆ ನನ್ನ ತರಗತಿಯಲ್ಲಿ ಎರಡು ತಾಸು ಹಿಡಿಯುತ್ತದೆ, ಆಮೇಲೂ ಅರ್ಧ ಜನ ಆಕಳಿಸುತ್ತಿರುತ್ತಾರೆ. ಅಷ್ಟರಲ್ಲಿ ಕೊರಳಿನಿಂದ ಬುಡದವರೆಗೆ ಬಣ್ಣದ ಹಾಳೆ ಬಿಗಿದಿದ್ದ ಒಂದು ಬಾಟಲಿಯನ್ನು ಅವರು ಬದಿಗೆಸೆದರು. ಏಕೆಂದು ಕೇಳಿದಾಗ, “ಮೈತುಂಬ ಅಂಗಿ ತೊಡಿಸ್ಯಾರ್ರೀ ಸರ, ಇದನ್ನ ಯಾರೂ ತಗೊಳ್ಳಂಗಿಲ್ಲ” ಎಂದರು.

ಆ ಅಂಗಿ ಪಿವಿಸಿ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನದ್ದಾಗಿದ್ದರೆ ಅವರ ಮಾತಿನ ಹಿಂದೆ ಗಟ್ಟಿಯಾದ ರಸಾಯನಶಾಸ್ತ್ರವಿದೆ. ಪೆಟ್‌ನಂತೆ ಪಿವಿಸಿಯೂ ನೀರಿಗಿಂತ ಭಾರವಾದ್ದರಿಂದ ಎರಡೂ ಒಟ್ಟಿಗೆ ಮುಳುಗುತ್ತವೆ, ಮರುಬಳಕೆ ಘಟಕದ ನೀರಿನ ತೊಟ್ಟಿಯಲ್ಲಿ ಬೇರೆಯಾಗುವುದಿಲ್ಲ. ಮರುಬಳಕೆಗಾಗಿ ಪೆಟ್ ಕರಗಿಸಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬೇಕು. ಆ ಶಾಖದಲ್ಲಿ ಪಿವಿಸಿ ಒಡೆದು ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲೀಯ ಅನಿಲ ಬಿಡುತ್ತದೆ, ಅದು ಪೆಟ್‌ನ ಉದ್ದನೆಯ ಅಣು ಸರಪಳಿಗಳನ್ನು ತುಂಡರಿಸಿ ಮಾಲನ್ನು ಹಳದಿಗಟ್ಟಿಸುತ್ತದೆ. ಬಾಟಲಿ ಮಾಡಿದವರಿಗೆ ಇದು ತಿಳಿಯದ ಸಂಗತಿಯಲ್ಲ. ಮುಚ್ಚಳದ ಚೂರಿನಂತೆ ನೀರಿನಲ್ಲಿ ತೇಲುವ, ಪಾಲಿಯೋಲಿಫಿನ್ ಎಂಬ ಪ್ಲಾಸ್ಟಿಕ್ಕಿನ ಹಾಳೆಗಳು ಮಾರುಕಟ್ಟೆಯಲ್ಲಿವೆ. ಪಿವಿಸಿ ಸುತ್ತುವುದೋ ಇದನ್ನು ಸುತ್ತುವುದೋ ಎಂಬ ಆಯ್ಕೆ ಅವರದೇ.

ಪೆಟ್ ತಿನ್ನುವ ಬ್ಯಾಕ್ಟೀರಿಯಾದ ಸುದ್ದಿ ಜಪಾನಿನಿಂದ 2016ರಲ್ಲಿ ಬಂತು, ಇನ್ನೇಕೆ ಚಿಂತೆ ಎಂದು ಕೇಳುವವರಿದ್ದಾರೆ. ಅದರ ಕಿಣ್ವ ಕತ್ತರಿಸುವುದು ಪೆಟ್‌ನ ಸರಪಳಿಯ ಕೊಂಡಿಗಳನ್ನು ಬೆಸೆಯುವ ಎಸ್ಟರ್ ಬಂಧವನ್ನು. ಹಾಲಿನ ಪಾಕೀಟಿನ ಪಾಲಿಥೀನ್‌ನಲ್ಲಿ ಆ ಬಂಧವೇ ಇಲ್ಲದ್ದರಿಂದ ಕಿಣ್ವಕ್ಕೆ ಅಲ್ಲಿ ಹಲ್ಲೂರಲು ಜಾಗವಿಲ್ಲ. ಮತ್ತೆ ಅದೇ ಮಾತಿಗೆ ಬಂದೆ: ತಯಾರಾಗುವಾಗಲೇ ತೀರ್ಮಾನ. ಆದರೂ ಒಂದೇ ಜಾತಿಯ ಪ್ಲಾಸ್ಟಿಕ್ ಆದ್ದರಿಂದ ತೊಳೆದ ಹಾಲಿನ ಪಾಕೀಟಿಗೆ ಗುಜರಿಯಲ್ಲಿ ಬೆಲೆಯುಂಟು. ಪದರ ಪದರವಾಗಿ ಅಂಟಿಸಿ, ಅಲ್ಯೂಮಿನಿಯಂ ಲೇಪಿಸಿದ ಚಿಪ್ಸ್ ಪಾಕೀಟನ್ನು ಆ ತಾಯಿ ಮುಟ್ಟಿಯೂ ನೋಡಲಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಪ್ಲಾಸ್ಟಿಕ್ಕನ್ನು ಎಣ್ಣೆಯಾಗಿಸುವ ಪೈರೋಲಿಸಿಸ್ ಕುರಿತು ಪ್ರಶ್ನೋತ್ತರದಲ್ಲಿ ಹೇಳುತ್ತೇನೆ. ಉತ್ಪಾದಕರೇ ಹೊಣೆ ಹೊರಬೇಕೆಂಬ ನಿಯಮ ನಮ್ಮಲ್ಲಿ ಈಗಾಗಲೇ ಇದೆ. ಎಷ್ಟು ಟನ್ ಹಿಂದಕ್ಕೆ ಪಡೆದಿರಿ ಎಂದು ಅವರನ್ನು ಕೇಳುವಾಗ, ಬಾಟಲಿಗೆ ಯಾವ ಅಂಗಿ ತೊಡಿಸಿದಿರಿ ಎಂದೂ ಕೇಳುವಂತಾಗಲಿ ಎಂಬುದು ಈ ಸಭೆಯ ಮುಂದೆ ನಾನಿಡುವ ಬೇಡಿಕೆ. ನಮಸ್ಕಾರ.