ಪಕ್ಕದ ತೋಟದ ನಾಯಿ, ನಮ್ಮ ಅರ್ಜಿ

ಎಲ್ಲರಿಗೂ ನಮಸ್ಕಾರ. ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ ತೋಟದ ಕೆಲಸ ಬಿಟ್ಟು ಬಂದಿದ್ದೀರಿ. ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ.

ಇವತ್ತು ಬೀದಿನಾಯಿ ಬಗ್ಗೆ ನಾನು ಮಾತಾಡುವುದಿಲ್ಲ. ಯಜಮಾನ ಇದ್ದಾನೆ, ನಾಯಿಗೆ ಒಂದು ಹೆಸರಿದೆ, ಹೊತ್ತಿಗೆ ಸರಿಯಾಗಿ ಅನ್ನ ಹಾಕುವವರಿದ್ದಾರೆ, ಆದರೆ ಅದು ಗೇಟಿನ ಒಳಗೆ ನಿಲ್ಲುವುದಿಲ್ಲ. ಶಾಲೆಗೆ ಹೋಗುವ ಮಕ್ಕಳನ್ನು ಅಟ್ಟಿಸುತ್ತದೆ, ಬೈಕಿನ ಹಿಂದೆ ಓಡುತ್ತದೆ, ಕೆಲಸಕ್ಕೆ ಹೊರಟ ಹೆಂಗಸರು ಕೈಯಲ್ಲಿ ಕೋಲು ಹಿಡಿದೇ ನಡೆಯಬೇಕು. ಅಂಥ ನಾಯಿ ಬಗ್ಗೆ ಮಾತ್ರ ಮಾತು. ಈ ಎರಡನ್ನು ಬೆರೆಸಿಬಿಡುವುದರಿಂದಲೇ ನಮ್ಮ ಅರ್ಜಿಗಳು ದಾರಿ ತಪ್ಪುತ್ತವೆ.

ನಾವು ಬರೆಯುವುದು ಹೇಗೆ? "ನಮ್ಮ ಊರಿನಲ್ಲಿ ನಾಯಿಗಳ ಹಾವಳಿ ಜಾಸ್ತಿಯಾಗಿದೆ, ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ." ಹತ್ತು ಜನರ ಸಹಿ. ಪಂಚಾಯಿತಿಗೆ ಕೊಟ್ಟು ಬರುತ್ತೇವೆ. ಪಿಡಿಒ ಓದುತ್ತಾರೆ. ಅವರ ತಲೆಯಲ್ಲಿ ಬರುವುದು ಬೀದಿನಾಯಿ. ಆಮೇಲೆ ಹೇಳುತ್ತಾರೆ, "ಸುಪ್ರೀಂ ಕೋರ್ಟ್ ಆದೇಶ ಇದೆ, ನಾಯಿ ಮುಟ್ಟುವ ಹಾಗಿಲ್ಲ." ಅಲ್ಲಿಗೆ ಕಥೆ ಮುಗಿಯಿತು.

ಆ ಆದೇಶ ಯಾವುದು ಅಂತ ನೋಡೋಣ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಹೇಳಿದ್ದು, ಬೀದಿನಾಯಿಗಳನ್ನು ಹಿಡಿದು ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ ಅಂತ. ರೇಬಿಸ್ ಇರುವ ಅಥವಾ ಆಕ್ರಮಣ ಮಾಡುವ ನಾಯಿಗಳಿಗೆ ಅದು ಅನ್ವಯಿಸುವುದಿಲ್ಲ. ನವೆಂಬರ್ 7ರಂದು ಇನ್ನೊಂದು ಆದೇಶ ಬಂತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಜಾಗಗಳಿಂದ ಬೀದಿನಾಯಿಗಳನ್ನು ತೆಗೆಯಬೇಕು ಅಂತ. ಎರಡೂ ಬೀದಿನಾಯಿಯ ಮಾತು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೂ ಸಾಕಿದ ನಾಯಿಯನ್ನೂ ಬೀದಿನಾಯಿಯನ್ನೂ ಬೇರೆಬೇರೆಯಾಗಿಯೇ ನೋಡುತ್ತವೆ. ಸಾಕಿದ ನಾಯಿಯ ಲಸಿಕೆ, ಸಂತಾನಹರಣ ಎಲ್ಲ ಯಜಮಾನನ ತಲೆ ಮೇಲೆ. ಹಾಗಾಗಿ ಅರ್ಜಿಯ ಮೊದಲ ಸಾಲಿನಲ್ಲೇ ಬರಬೇಕಾದ್ದು ನಾಯಿ ಅಲ್ಲ, ಯಜಮಾನ. ಇಂಥವರು, ಇಂಥ ಮನೆ, ಇವರು ಸಾಕಿದ ನಾಯಿ.

ಇದು ಬರೆಯುವುದಕ್ಕೇ ನಮಗೆ ಕಷ್ಟ. ನಮ್ಮ ಕೊಡಗಿನಲ್ಲಿ ಪಕ್ಕದ ತೋಟದವರು ಎಷ್ಟೋ ಸಲ ನಮ್ಮ ಒಕ್ಕದವರೇ, ಅಂದರೆ ಒಂದೇ ಮನೆತನದವರೇ ಆಗಿರುತ್ತಾರೆ, ಇಲ್ಲವೇ ನೆಂಟರು. ಪುತ್ತರಿ ಹಬ್ಬಕ್ಕೆ ಮುಖ ನೋಡಬೇಕು, ಮದುವೆಗೆ ಹೋಗಬೇಕು. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಇರುವವರಿಗೆ ಇನ್ನೂ ಕಷ್ಟ. ನಾಯಿ ಸಾಕಿದವರೇ ಸಂಬಳ ಕೊಡುವವರು. ಅದಕ್ಕೇ ಎಲ್ಲರೂ ಹೆಸರು ಬಿಟ್ಟು "ನಾಯಿಗಳ ಹಾವಳಿ" ಅಂತ ಬರೆಯುವುದು. ಹೆಸರು ಬಿಟ್ಟ ಅರ್ಜಿಯ ಮೇಲೆ ಯಾವ ಅಧಿಕಾರಿಯೂ ಯಾರಿಗೂ ನೋಟಿಸ್ ಕಳಿಸಲು ಆಗುವುದಿಲ್ಲ, ಅಲ್ವಾ?

ಈಗ ಠಾಣೆಗೆ ಬರೋಣ. ಅಲ್ಲಿ ಸಾಮಾನ್ಯವಾಗಿ ಕೇಳುವ ಮಾತು, "ಕಚ್ಚಿದೆಯಾ? ಇಲ್ವಾ? ಹಾಗಾದ್ರೆ ಕಚ್ಚಿದ ಮೇಲೆ ಬನ್ನಿ." ಇದು ತಪ್ಪು. ಮಳೆಗಾಲದಲ್ಲಿ ಕರೆಂಟ್ ಲೈನ್ ಜೋತು ಬಿದ್ದಿದ್ದರೆ ಯಾರಿಗಾದರೂ ಶಾಕ್ ಹೊಡೆಯಲಿ ಅಂತ ಕಾಯುತ್ತೇವಾ? ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಓದಿ. 2024ರ ಜುಲೈ 1ರಿಂದ ಜಾರಿಯಲ್ಲಿದೆ. ಹಳೆಯ ಐಪಿಸಿಯಲ್ಲಿ ಇದೇ 289 ಆಗಿತ್ತು. ನಿಮ್ಮ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಆಗುವ, ಇಲ್ಲವೇ ತೀವ್ರ ಗಾಯ ಆಗುವ ಸಂಭವ ಇದೆ. ತಿಳಿದೋ ನಿರ್ಲಕ್ಷ್ಯದಿಂದಲೋ ನೀವು ಅದನ್ನು ತಡೆಯುವಷ್ಟು ಎಚ್ಚರ ವಹಿಸಲಿಲ್ಲ. ಅಷ್ಟಾದರೆ ಅಪರಾಧ ಆಯಿತು. ಆರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಚ್ಚಲೇಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ಅಪಾಯದ ಸಂಭವ ಇದ್ದರೆ ಸಾಕು. ಇದು ಪೊಲೀಸರು ಕೋರ್ಟಿನ ಅನುಮತಿ ಕೇಳದೆ ಎಫ್‌ಐಆರ್ ಹಾಕಿ ತನಿಖೆ ಮಾಡಬಹುದಾದ ಅಪರಾಧ. ಕಚ್ಚಿ ಗಾಯವಾದರೆ 125ನೇ ಕಲಮೂ ಸೇರಬಹುದು.

ಇಲ್ಲಿ ಇಡೀ ಪ್ರಕರಣ ನಿಲ್ಲುವುದು ಎರಡು ವಿಷಯದ ಮೇಲೆ. ನಾಯಿ ಅವರ ವಶದಲ್ಲಿದೆ ಅಂತ ತೋರಿಸಬೇಕು. ಅದು ಅಪಾಯಕಾರಿ ಅಂತ ಅವರಿಗೆ ಗೊತ್ತಿತ್ತು, ಇಲ್ಲವೇ ಅವರು ನಿರ್ಲಕ್ಷ್ಯ ಮಾಡಿದರು ಅಂತ ತೋರಿಸಬೇಕು; ಗೊತ್ತಿತ್ತು ಅಂತ ತೋರಿಸಿದರೆ ನಿರ್ಲಕ್ಷ್ಯವೂ ಗಟ್ಟಿಯಾಗುತ್ತದೆ.

ಕೊಡಗಿನಲ್ಲಿ ಮೊದಲನೆಯದೇ ದೊಡ್ಡ ತಲೆನೋವು. ಮಾಲೀಕರು ಬೆಂಗಳೂರಿನಲ್ಲಿ. ತೋಟ ನೋಡಿಕೊಳ್ಳುವುದು ರೈಟರ್. ಅನ್ನ ಹಾಕುವುದು ಲೈನ್ ಮನೆಯವರು. ಪೊಲೀಸರು ಹೋಗಿ ಕೇಳಿದರೆ ಮಾಲೀಕರು "ಅದು ಲೈನ್ ಮನೆಯವರ ನಾಯಿ" ಅನ್ನುತ್ತಾರೆ, ಲೈನ್ ಮನೆಯವರು "ಸಾಹುಕಾರರ ನಾಯಿ" ಅನ್ನುತ್ತಾರೆ. ಕೊನೆಗೆ ನಾಯಿಗೆ ಯಾರೂ ಇಲ್ಲ! ಆದ್ದರಿಂದ ಮೊದಲೇ ಕೂಡಿಸಿ ಇಟ್ಟುಕೊಳ್ಳಿ. ಗೇಟಿನ ಒಳಗೆ, ಕಣದಲ್ಲಿ, ಬಂಗಲೆ ಜಗಲಿಯಲ್ಲಿ ನಾಯಿ ಮಲಗಿರುವ ಫೋಟೋ. ಕುತ್ತಿಗೆಯ ಪಟ್ಟಿ. ಯಾರು ಕರೆದರೆ ಓಡಿ ಹೋಗುತ್ತದೆ ಅನ್ನುವ ವಿಡಿಯೋ. ಲಸಿಕೆ ಹಾಕಿಸಿದ್ದರೆ ಪಶು ಆಸ್ಪತ್ರೆಯ ಕಾರ್ಡಿನಲ್ಲಿ ಯಾರ ಹೆಸರು ಇದೆ ಅನ್ನುವುದು. ಕಾಯ್ದೆ ಕೇಳುವುದು ವಶ. ಯಾರು ದುಡ್ಡು ಕೊಟ್ಟು ತಂದರು ಅನ್ನುವುದೊಂದೇ ಪ್ರಶ್ನೆ ಅಲ್ಲ. ತೋಟ ಕಾಯಲು ನಾಯಿ ಇಟ್ಟುಕೊಂಡವರು ತೋಟದವರೇ. ಅನುಮಾನ ಇದ್ದರೆ ಮಾಲೀಕರು, ಮೇಲ್ವಿಚಾರಕರು ಇಬ್ಬರ ಹೆಸರನ್ನೂ ಬರೆಯಿರಿ.

ಫೋಟೋ, ವಿಡಿಯೋ ತೆಗೆದ ಫೋನನ್ನು ಮಾರಬೇಡಿ, ಅದರಿಂದ ಏನನ್ನೂ ಅಳಿಸಬೇಡಿ. ಎಲೆಕ್ಟ್ರಾನಿಕ್ ಸಾಕ್ಷ್ಯ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ.

ಇನ್ನು ಎರಡನೆಯದು, "ಗೊತ್ತಿತ್ತು" ಅನ್ನುವುದು. ಇದಕ್ಕೆ ಸುಲಭ ದಾರಿ ಇದೆ. ನೀವೇ ತಿಳಿಸಿ, ಬರವಣಿಗೆಯಲ್ಲಿ. ಜಗಳದ ಭಾಷೆ ಬೇಡ. "ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ರಸ್ತೆಯಲ್ಲಿ ನಿಮ್ಮ ನಾಯಿ ಇಂಥವರ ಮೇಲೆ ಎಗರಿತು. ದಯವಿಟ್ಟು ಕಟ್ಟಿಹಾಕಿ ಅಥವಾ ಗೇಟಿನ ಒಳಗೆ ಇಡಿ." ಅಷ್ಟೇ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ವಾಟ್ಸಾಪಿನಲ್ಲೂ ಕಳಿಸಿ. ನಾಳೆ ಅವರು "ನನಗೆ ಗೊತ್ತೇ ಇರಲಿಲ್ಲ, ಪಾಪದ ನಾಯಿ ಅದು" ಅಂದರೆ ನಿಮ್ಮ ಕೈಯಲ್ಲಿ ಉತ್ತರ ಇರುತ್ತದೆ. ಅರ್ಧಕ್ಕರ್ಧ ಜನ ಇಷ್ಟಕ್ಕೇ ನಾಯಿ ಕಟ್ಟುತ್ತಾರೆ ಅನ್ನುವುದು ನನ್ನ ಅನುಭವ. ಕಾಗದ ಬಂದರೆ ಮನೆಯಲ್ಲಿ ಹೆಂಡತಿ ಮಕ್ಕಳೂ ಓದುತ್ತಾರೆ ನೋಡಿ.

ಠಾಣೆಯಲ್ಲಿ ಇನ್ನೊಂದು ರೂಢಿ ಇದೆ. ಇಬ್ಬರನ್ನೂ ಕೂರಿಸಿ, ಬುದ್ಧಿ ಹೇಳಿ, "ಇನ್ನು ಮುಂದೆ ನಾಯಿ ಬಿಡುವುದಿಲ್ಲ" ಅಂತ ಮುಚ್ಚಳಿಕೆ ಬರೆಸಿಕೊಂಡು ಕಳಿಸುತ್ತಾರೆ. ತುಂಬ ಜನ ಇದರಿಂದ ಬೇಸರ ಮಾಡಿಕೊಳ್ಳುತ್ತಾರೆ, ಸುಮ್ನೆ ರಾಜಿ ಮಾಡಿಸಿದರು ಅಂತ. ನಾನು ಹಾಗೆ ನೋಡುವುದಿಲ್ಲ. ಆ ಮುಚ್ಚಳಿಕೆ ಚಿನ್ನ. ನಾಯಿ ನನ್ನದು, ಅದರಿಂದ ತೊಂದರೆ ಆಗುತ್ತಿದೆ ಅಂತ ಅವರೇ ಸಹಿ ಹಾಕಿ ಒಪ್ಪಿಕೊಂಡ ಕಾಗದ ಅದು. ಪ್ರತಿ ಕೇಳಿ ಪಡೆಯಿರಿ. ಮುಂದಿನ ವಾರ ನಾಯಿ ಮತ್ತೆ ರಸ್ತೆಗೆ ಬಂದರೆ 291ಕ್ಕೆ ಬೇಕಾದ ಎರಡೂ ವಿಷಯ ಅದರಲ್ಲೇ ಇದೆ.

ದೂರು ತೆಗೆದುಕೊಳ್ಳಲೇ ಇಲ್ಲ ಅಂದರೆ? ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ದಾರಿ ಇದೆ. ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ. ಎಫ್‌ಐಆರ್ ಆದರೆ ಪ್ರತಿ ನಿಮಗೆ ಉಚಿತವಾಗಿ ಕೊಡಬೇಕು. ನಾಯಿ ಎದುರಿಗೇ ನಿಂತು ದಾರಿ ಬಿಡುತ್ತಿಲ್ಲ ಅನ್ನುವ ಹೊತ್ತಿಗೆ ಇದ್ಯಾವುದೂ ಅಲ್ಲ, 112ಕ್ಕೆ ಕರೆ ಮಾಡಿ.

ಪೊಲೀಸ್ ಕೇಸು ಯಜಮಾನನಿಗೆ ಶಿಕ್ಷೆ ಕೊಡಿಸಬಹುದು. ಆದರೆ ನಮಗೆ ಬೇಕಾದ್ದು ನಾಯಿ ಗೇಟಿನ ಒಳಗೆ ಇರುವುದು. ಅದಕ್ಕೆ ಹೇಳಿ ಮಾಡಿಸಿದ ಅಧಿಕಾರ ಇರುವುದು ಮಡಿಕೇರಿಯಲ್ಲಿ, ಎಸಿ ಸಾಹೇಬರ ಕೈಯಲ್ಲಿ. ಉಪವಿಭಾಗಾಧಿಕಾರಿ ಅಂದರೆ ಉಪವಿಭಾಗೀಯ ದಂಡಾಧಿಕಾರಿಯೂ ಹೌದು. ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು, ಹಳೆಯ ಸಿಆರ್‌ಪಿಸಿಯ 133, ಸಾರ್ವಜನಿಕರಿಗೆ ಆಗುವ ಉಪದ್ರವ ತೆಗೆಯುವ ಬಗ್ಗೆ ಇದೆ. ಅದರಲ್ಲಿ ಅಪಾಯಕಾರಿ ಪ್ರಾಣಿ ಅಂತ ಸ್ಪಷ್ಟವಾಗಿ ಬರೆದಿದೆ. ಆ ಪ್ರಾಣಿಯನ್ನು ಕೂಡಿಹಾಕಿ, ಇಲ್ಲವೇ ಬೇರೆ ವಿಲೇವಾರಿ ಮಾಡಿ ಅಂತ ಷರತ್ತಿನ ಆದೇಶ ಮಾಡಬಹುದು. ಗಡುವು ಹಾಕಬಹುದು. ಯಜಮಾನನಿಗೆ ಆಕ್ಷೇಪ ಇದ್ದರೆ ಬಂದು ಹೇಳಬಹುದು, ವಿಚಾರಣೆ ಆಗುತ್ತದೆ. ತುರ್ತು ಅಪಾಯ ಇದ್ದರೆ ವಿಚಾರಣೆ ಮುಗಿಯುವ ಮೊದಲೇ ತಾತ್ಕಾಲಿಕ ಆದೇಶವೂ ಸಾಧ್ಯ. ಇಷ್ಟು ಅನುಕೂಲ ಇದ್ದರೂ ನಮ್ಮವರು ಈ ಬಾಗಿಲು ತಟ್ಟುವುದೇ ಕಡಿಮೆ. ಎಸಿ ಆಫೀಸು ಅಂದರೆ ಜಮೀನು ತಕರಾರಿಗೆ ಮಾತ್ರ ಅಂತ ತಿಳಿದುಕೊಂಡಿದ್ದೇವೆ.

ಆದರೆ ಇಲ್ಲೊಂದು ಮುಳ್ಳು ಇದೆ. ಉಪದ್ರವ ಸಾರ್ವಜನಿಕರಿಗೆ ಆಗಿರಬೇಕು. ಇಬ್ಬರ ಮನೆ ಜಗಳ ಅಂತ ಕಂಡರೆ ಅರ್ಜಿ ಬಿದ್ದುಹೋಗುತ್ತದೆ. ಎದುರಿನವರ ವಕೀಲರು ಮೊದಲು ಹೇಳುವುದೇ ಇದನ್ನು: "ಅದು ರಸ್ತೆ ಅಲ್ಲ ಸ್ವಾಮಿ, ನಮ್ಮ ತೋಟದ ಒಳದಾರಿ." ನಮ್ಮಲ್ಲಿ ದಾರಿ ತಕರಾರು ಇಲ್ಲದ ಊರು ಯಾವುದಿದೆ ಹೇಳಿ! ಹಾಗಾಗಿ ಆ ದಾರಿ ಪಂಚಾಯಿತಿ ರಸ್ತೆ ಅನ್ನುವ ದಾಖಲೆ ಇದ್ದರೆ ಪಡೆದುಕೊಳ್ಳಿ. ದಾಖಲೆ ಇಲ್ಲದಿದ್ದರೆ, ಯಾರು ಯಾರು ಬಳಸುತ್ತಾರೆ ಅಂತ ತೋರಿಸಿ. ಶಾಲಾ ಮಕ್ಕಳು, ಅಂಗನವಾಡಿಗೆ ಹೋಗುವವರು, ಹಾಲು ಹಾಕುವವರು, ಆಶಾ ಕಾರ್ಯಕರ್ತೆ, ಕಾಫಿ ಕುಯ್ಲಿನ ಕಾಲದಲ್ಲಿ ಬರುವ ಕೆಲಸಗಾರರು. ಸಹಿ ಹಾಕುವವರು ಬೇರೆಬೇರೆ ಮನೆಯವರಾಗಿರಲಿ. ಒಂದೇ ಮನೆಯ ಎಂಟು ಸಹಿಗಿಂತ ಎಂಟು ಮನೆಯ ಒಂದೊಂದು ಸಹಿಗೆ ತೂಕ ಜಾಸ್ತಿ.

ಪಂಚಾಯಿತಿ ಇದರಲ್ಲಿ ಏನು ಮಾಡಬಹುದು? ನಾಯಿ ಹಿಡಿದುಕೊಂಡು ಹೋಗಿ ಅಂತ ಕೇಳಬೇಡಿ. ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ. ಆ ನಡಾವಳಿಯ ಪ್ರತಿ ಎಸಿ ಅರ್ಜಿಗೆ ಹಚ್ಚಿದರೆ ಸಾರ್ವಜನಿಕ ಉಪದ್ರವ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಯಾವ ಕಚೇರಿಗೆ ಕೊಟ್ಟರೂ ಸೀಲು, ಸಹಿ, ಇನ್ವರ್ಡ್ ನಂಬರ್ ಇರುವ ಸ್ವೀಕೃತಿ ಇಲ್ಲದೆ ಎದ್ದು ಬರಬೇಡಿ. ತಿಂಗಳಾದರೂ ಅಲ್ಲಾಡದಿದ್ದರೆ ಮಾಹಿತಿ ಹಕ್ಕಿನಲ್ಲಿ "ನನ್ನ ಅರ್ಜಿ ಮೇಲೆ ಏನು ಕ್ರಮ ಆಗಿದೆ, ಕಡತದ ಪ್ರತಿ ಕೊಡಿ" ಅಂತ ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದೇ ವಿಷಯ, 150 ಪದದ ಒಳಗೆ ಇರಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ಮಲಗಿದ್ದ ಕಡತಗಳು ಇದರಿಂದ ಏಳುವುದನ್ನು ನೋಡಿದ್ದೇನೆ. 1902 ಜನಸ್ಪಂದನ ಸಹಾಯವಾಣಿಯೂ ಇದೆ.

ಕಚ್ಚಿದರೆ ಕಾನೂನು ಆಮೇಲೆ. ಮೊದಲು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಗಾಯ ಆಳವಾಗಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಅನ್ನುವ ಇನ್ನೊಂದು ಚುಚ್ಚುಮದ್ದೂ ಬೇಕಾಗುತ್ತದೆ, ವೈದ್ಯರನ್ನು ಕೇಳಿ. ಮೊದಲ ಸೂಜಿ ಹಾಕಿಸಿಕೊಂಡು ಉಳಿದದ್ದನ್ನು ಬಿಡಬೇಡಿ. ಸಾಕಿದ ನಾಯಿಯಾದರೆ ಹತ್ತು ದಿನ ಅದನ್ನು ಕೂಡಿಹಾಕಿ ಗಮನಿಸಬೇಕು. ಅದಕ್ಕೂ ನಾಯಿ ಕಟ್ಟಿರಬೇಕಲ್ಲ, ಇದನ್ನೂ ದೂರಿನಲ್ಲಿ ಬರೆಯಿರಿ. ಆಸ್ಪತ್ರೆಯಲ್ಲಿ "ನಾಯಿ ಕಚ್ಚಿತು" ಅಂತ ಮಾತ್ರ ಬರೆಸಬೇಡಿ. "ಇಂಥವರು ಸಾಕಿದ ನಾಯಿ" ಅಂತ ಹೇಳಿ ಬರೆಸಿ. ಆರು ತಿಂಗಳ ನಂತರ ಕೋರ್ಟಿನಲ್ಲಿ ಆ ಒಂದು ಸಾಲು ಕೆಲಸಕ್ಕೆ ಬರುತ್ತದೆ.

ಯಜಮಾನರ ಕಡೆಯ ಒಂದು ಮಾತೂ ಹೇಳಬೇಕು. "ಕಟ್ಟಿಹಾಕಿದರೆ ರಾತ್ರಿ ಚಿರತೆ ಹೊತ್ತುಕೊಂಡು ಹೋಗುತ್ತದೆ" ಅನ್ನುತ್ತಾರೆ. ಇದು ನೆಪ ಅಲ್ಲ, ಕಾಡಂಚಿನ ತೋಟಗಳಲ್ಲಿ ನಿಜವೇ. ಕಣದಲ್ಲಿ ಕಾಫಿ ಒಣಗುವ ಕಾಲದಲ್ಲಿ ಕಳ್ಳರ ಭಯವೂ ನಿಜ. ಆದರೆ ಅದಕ್ಕೆ ಪರಿಹಾರ ಜಾಲರಿ ಹಾಕಿದ ಗೂಡು, ಮುಚ್ಚುವ ಗೇಟು. ಪಂಚಾಯಿತಿ ರಸ್ತೆಯಲ್ಲಿ ಹಗಲು ಹೊತ್ತು ನಾಯಿ ಬಿಡುವುದರಿಂದ ಚಿರತೆಯೂ ದೂರ ಹೋಗುವುದಿಲ್ಲ, ಕಳ್ಳನೂ ಹೋಗುವುದಿಲ್ಲ. ಇನ್ನು ನಾಯಿಗಳು ಕಾಡುಕುರಿ, ಜಿಂಕೆ ಅಟ್ಟುತ್ತಿವೆ, ಯಜಮಾನರೇ ಬಿಟ್ಟು ಅಟ್ಟಿಸುತ್ತಿದ್ದಾರೆ ಅಂದರೆ ಅರಣ್ಯ ಇಲಾಖೆಗೂ ದೂರು ಕೊಡಿ. ವನ್ಯಜೀವಿ ಕಾಯ್ದೆಯಲ್ಲಿ ಅದೂ ಬೇಟೆಯೇ.

ತಳಿಯ ವಿಷಯ ಎಳೆಯಬೇಡಿ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಕಳಿಸಿತ್ತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟೇ ಅದನ್ನು ರದ್ದು ಮಾಡಿತು. ರಾಟ್‌ವೀಲರ್ ಆದರೂ ಅಷ್ಟೇ, ನಾಡುನಾಯಿ ಆದರೂ ಅಷ್ಟೇ. ಅದು ಏನು ಮಾಡಿತು ಅನ್ನುವುದನ್ನು ಬರೆಯಿರಿ.

ಕೋವಿ ವಿಷಯ ಹೇಳಲೇಬೇಕು. ನಮ್ಮಲ್ಲಿ ಕೊಡವರಿಗೂ ಜಮ್ಮಾ ಅನ್ನುವ ಹಳೆಯ ಪದ್ಧತಿಯ ಭೂಮಿ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನ ವಿನಾಯಿತಿ ಇದೆ. ಸಿಟ್ಟು ಬಂದಾಗ ಗೋಡೆ ಕಡೆ ಕಣ್ಣು ಹೋಗುತ್ತದೆ. ಆ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ, ಪಕ್ಕದವರ ನಾಯಿ ಹೊಡೆಯುವುದಕ್ಕಲ್ಲ. ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗಹೀನ ಮಾಡಿದರೆ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದವರೆಗೆ ಜೈಲು. ಲೆಕ್ಕ ಹಾಕಿ ನೋಡಿ. ನಾಯಿ ಬಿಟ್ಟವನಿಗೆ ಆರು ತಿಂಗಳು, ಹೊಡೆದವನಿಗೆ ಐದು ವರ್ಷ. ವಿಷ ಹಾಕಿದ ಮಾಂಸವನ್ನು ಆ ನಾಯಿ ಒಂದೇ ತಿನ್ನುವುದೂ ಇಲ್ಲ. ಪುನುಗು, ನರಿ, ನಿಮ್ಮದೇ ನಾಯಿ, ಯಾವುದೂ ತಿನ್ನಬಹುದು.

ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಲೈನ್ ಮನೆಗಳ ಯರವ, ಕುರುಬ ಕುಟುಂಬಗಳಿಗೆ ಇದನ್ನು ಯಾರಾದರೂ ಹೇಳಬೇಕು. ಸಹಾಯವಾಣಿ 15100.

ಕೊನೆಯದಾಗಿ, ಎಸಿ ಅರ್ಜಿಯಲ್ಲಿ ಏನು ಕೇಳಬೇಕು ಅನ್ನುವುದು. "ಸೂಕ್ತ ಕ್ರಮ" ಬೇಡ. "ನಾಯಿ ಕೊಲ್ಲಿಸಿ" ಅಂತಲೂ ಬೇಡ, ಹಾಗೆ ಕೇಳಿದರೆ ಅಧಿಕಾರಿ ಹಿಂದೆ ಸರಿಯುತ್ತಾರೆ, ಸಹಿ ಹಾಕಿದ ನಾಲ್ಕು ಜನರೂ ಸರಿಯುತ್ತಾರೆ. ಇಂಥ ತಾರೀಕಿನ ಒಳಗೆ ಮುಚ್ಚಿದ ಗೂಡು ಕಟ್ಟಿಸಬೇಕು, ಗೇಟು ರಿಪೇರಿ ಮಾಡಿಸಬೇಕು, ಹೊರಗೆ ತಂದರೆ ಚೈನ್ ಮತ್ತು ಮುಖಕ್ಕೆ ಬಾಯಿಕುಕ್ಕೆ ಇರಬೇಕು, ರೇಬಿಸ್ ಲಸಿಕೆಯ ಪ್ರಮಾಣಪತ್ರವನ್ನು ಪಂಚಾಯಿತಿಗೆ ಕೊಡಬೇಕು ಅಂತ ಕೇಳಿ. ಯಾರು ಬೇಕಾದರೂ ಹೋಗಿ ನೋಡಿ, ಆಗಿದೆಯೋ ಇಲ್ಲವೋ ಅಂತ ಹೇಳಬಹುದಾದ ಆದೇಶ ಅದು. ಆಗದಿದ್ದರೆ ಆದೇಶ ಉಲ್ಲಂಘನೆಗೆ ನ್ಯಾಯ ಸಂಹಿತೆಯ 223ನೇ ಕಲಮು ಇದೆ.

ಮಾದರಿ ಅರ್ಜಿಯ ಪ್ರತಿಗಳನ್ನು ಆ ಮೇಜಿನ ಮೇಲೆ ಇಟ್ಟಿದ್ದೇನೆ. ಹೆಸರು, ದಾರಿ, ತಾರೀಕಿನ ಜಾಗ ಖಾಲಿ ಇದೆ. ದಾರಿ ಯಾರದು ಅನ್ನುವ ತಕರಾರು ಇರುವವರು ಮೊದಲು ಬನ್ನಿ, ಅದಕ್ಕೆ ಹೊತ್ತು ಜಾಸ್ತಿ ಬೇಕು.