ಮಳೆಗಾಲದಲ್ಲೂ ಇಳಿಯುವ ವಿಮಾನ ಬೇಕು

ಎಲ್ಲರಿಗೂ ನಮಸ್ಕಾರ.

ಹೊರಗೆ ಮಳೆ ಹಿಡಿದಿದೆ. ಆದರೂ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಹೋಂಸ್ಟೇ ನಡೆಸುವವರು, ವ್ಯಾನ್ ಓಡಿಸುವವರು ಬಂದು ಕೂತಿದ್ದೀರಿ. ವಿದ್ಯಾರ್ಥಿಗಳಂತೂ ಹಿಂದೆ ನಿಂತೇ ಇದ್ದಾರೆ. ಮುಂದೆ ನಾಲ್ಕು ಕುರ್ಚಿ ಖಾಲಿ ಇವೆ, ಬಂದು ಕೂತುಕೊಳ್ಳಿ, ಸಂಕೋಚ ಬೇಡ.

ಮಲೆನಾಡಿನ ಪ್ರವಾಸೋದ್ಯಮ ಮತ್ತು ಶಿವಮೊಗ್ಗ ವಿಮಾನ ನಿಲ್ದಾಣದ ಬೆಳವಣಿಗೆ ಎಂಬ ವಿಷಯ ಕೊಟ್ಟಿದ್ದಾರೆ. ನಿಲ್ದಾಣದ ಕಥೆ ನಿಮಗೆ ಗೊತ್ತಿದೆ. 2008ರಲ್ಲಿ ಅಡಿಗಲ್ಲು ಬಿತ್ತು. ನಡುವೆ ವರ್ಷಗಟ್ಟಲೆ ಕೆಲಸ ನಿಂತಿತು. 2020ರಲ್ಲಿ ಮತ್ತೆ ಶುರುವಾಯಿತು. 2023ರ ಫೆಬ್ರವರಿ 27ಕ್ಕೆ ಪ್ರಧಾನಿ ಬಂದು ಉದ್ಘಾಟಿಸಿದರು. ಕುವೆಂಪು ಅವರ ಹೆಸರು ಇಟ್ಟರು. ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ನಿಲ್ದಾಣವಿರುವ ಸೋಗಾನೆಯಲ್ಲಿ ಇಳಿಯಿತು. ನವೆಂಬರ್‌ನಲ್ಲಿ ಹೈದರಾಬಾದ್, ತಿರುಪತಿ, ಗೋವಾಕ್ಕೂ ಹಾರಾಟ ಶುರುವಾಯಿತು. ಇಷ್ಟು ಸಾಕು.

ನಾನು ಇಲ್ಲಿಗೆ ಬಂದಿರುವುದು ಒಂದೇ ಮಾತು ಹೇಳುವುದಕ್ಕೆ. ಮಲೆನಾಡಿನ ವಿಮಾನ ನಿಲ್ದಾಣ ಮಳೆಗಾಲದಲ್ಲಿ ಕೆಲಸ ಮಾಡಬೇಕು. ಉಳಿದದ್ದೆಲ್ಲ ಆಮೇಲೆ.

ಯಾಕೆ ಹೀಗೆ ಹಟ ಹಿಡಿದು ಹೇಳುತ್ತೇನೆ? ಜೋಗ ನೋಡೋಕೆ ಜನ ಯಾವಾಗ ಬರುತ್ತಾರೆ? ಏಪ್ರಿಲ್‌ನಲ್ಲಿ ಬಂದರೆ ಬಂಡೆ ಕಾಣುತ್ತದೆ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ, ಶರಾವತಿಯ ನೀರು ಅಲ್ಲೇ ನಿಲ್ಲುತ್ತದೆ. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈದುಂಬಿ ಬೀಳುವುದು ಜುಲೈ, ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಆಗುಂಬೆಗೆ ಜನ ಬರುವುದೂ ಮಳೆಗೇ. ಕೊಡಚಾದ್ರಿಯ ಹಸಿರು, ಕುಂದಾದ್ರಿಯ ಮಂಜು, ಎಲ್ಲ ಅದೇ ತಿಂಗಳುಗಳ ಸಂಪತ್ತು. ನಮ್ಮ ಸೀಸನ್ ಅಂದರೆ ಮಳೆ. ಆ ಸೀಸನ್‌ನಲ್ಲೇ ವಿಮಾನ ಬೆಂಗಳೂರಿಗೆ ವಾಪಸ್ ಹೋದರೆ, ಅಷ್ಟು ದೊಡ್ಡ ಕಟ್ಟಡ ಯಾರಿಗೆ ಉಪಯೋಗ?

ಇಲ್ಲಿ ಒಂದು ಪ್ರಸಂಗ ಹೇಳಲೇಬೇಕು. ಹಿಂದೆ ಕೇಳಿದವರು ಇನ್ನೊಮ್ಮೆ ಕೇಳಿ.

ಒಂದು ಆಷಾಢದಲ್ಲಿ ನಾನು ಬೆಂಗಳೂರಿನಿಂದ ವಿಮಾನದಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಅಜ್ಜಿ. ಮಗನ ಮನೆಯಿಂದ ಊರಿಗೆ ಹೊರಟಿದ್ದರು. ಮೊದಲ ಸಲ ವಿಮಾನ ಹತ್ತಿದ್ದು. ಮಡಿಲಲ್ಲಿ ಒಂದು ಬಟ್ಟೆ ಚೀಲ, ಅದನ್ನು ಮೇಲಿನ ಗೂಡಿಗೆ ಇಡಲು ಕೊಡಲೇ ಇಲ್ಲ. ಗಗನಸಖಿ ಮೂರು ಸಲ ಕೇಳಿದ ಮೇಲೆ ಸೀಟಿನ ಕೆಳಗೆ ಇಟ್ಟು, ಮೇಲೆ ಕಾಲಿಟ್ಟುಕೊಂಡು ಕೂತರು. ಹೊರಡುವಾಗ ಕಣ್ಣು ಮುಚ್ಚಿದವರು, ಮೇಲೆ ಹೋದ ಮೇಲೆ ಕಿಟಕಿ ಬಿಡಲಿಲ್ಲ. "ಭದ್ರಾವತಿ ದಾಟಿತಾ? ಈಗ ಎಲ್ಲಿ?" ಎಂದು ನನ್ನನ್ನೇ ಕೇಳುತ್ತಿದ್ದರು. ಕೆಳಗೆ ಮೋಡ ಬಿಟ್ಟು ನನಗೂ ಏನೂ ಕಾಣುತ್ತಿರಲಿಲ್ಲ.

ವಿಮಾನ ಸುತ್ತು ಹಾಕಿತು. ಇನ್ನೊಂದು ಸುತ್ತು ಹಾಕಿತು. ಆಮೇಲೆ ಪೈಲಟ್ ಘೋಷಣೆ ಮಾಡಿದರು, ಮೋಡ ಕೆಳಗಿದೆ, ಬೆಂಗಳೂರಿಗೆ ವಾಪಸ್. ಅಜ್ಜಿಗೆ ಇಂಗ್ಲಿಷ್ ಅರ್ಥವಾಗಲಿಲ್ಲ, ನಾನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಅಲ್ಲ ಮಾರಾಯ್ರೆ, ಆಷಾಢದಲ್ಲಿ ನಮ್ಮ ಕಡೆ ಮಳೆ ಹೊಯ್ಯತ್ತೆ ಅಂತ ಇವರಿಗೆ ಯಾರೂ ಹೇಳಲಿಲ್ವಾ?"

ನಗು ಬರುತ್ತದೆ, ಅಲ್ವಾ? ವಿಮಾನದಲ್ಲಿ ಕೇಳಿದವರೆಲ್ಲ ನಕ್ಕರು. ಬೆಂಗಳೂರಿನಲ್ಲಿ ಇಳಿದು ನಾವು ಕೆಲವರು ಸೇರಿ ಒಂದು ಕಾರು ಮಾಡಿಕೊಂಡೆವು, ಅಜ್ಜಿಯನ್ನೂ ಕೂರಿಸಿಕೊಂಡೆವು. ತಿಪಟೂರಿನಲ್ಲಿ ಚಹಾ ಕುಡಿಯುವಾಗ ಆ ಬಟ್ಟೆ ಚೀಲ ಬಿಚ್ಚಿದರು. ಒಳಗೆ ಸೊಸೆ ಕಟ್ಟಿಕೊಟ್ಟ ಚಕ್ಕುಲಿ. ಎಲ್ಲರಿಗೂ ಹಂಚಿದರು. ಆದರೆ ನನ್ನ ತಲೆಯಲ್ಲಿ ಅವರ ಪ್ರಶ್ನೆಯೇ ಓಡುತ್ತಿತ್ತು. ಪೈಲಟ್ ಮಾಡಿದ್ದು ನೂರಕ್ಕೆ ನೂರು ಸರಿ. ಕಾಣದ ನೆಲಕ್ಕೆ ವಿಮಾನ ಇಳಿಸಬಾರದು. ಆದರೆ ಅಜ್ಜಿಯ ಪ್ರಶ್ನೆ ಪೈಲಟ್‌ಗಲ್ಲ, ಯೋಜನೆ ಮಾಡುವವರಿಗೆ.

ಈಗ ತಾಂತ್ರಿಕ ವಿಷಯ. ಸರಳವಾಗಿಯೇ ಹೇಳುತ್ತೇನೆ.

ನಮ್ಮ ನಿಲ್ದಾಣ ಶುರುವಾದಾಗ ಹಗಲು ಹೊತ್ತಿನ, ಕಣ್ಣಿಗೆ ಕಂಡರೆ ಮಾತ್ರ ಇಳಿಯುವ ಹಾರಾಟ ಇತ್ತು. ಆ ನಿಯಮದಲ್ಲಿ ಪೈಲಟ್‌ಗೆ 5 ಕಿಲೋಮೀಟರ್ ದೂರ ಕಾಣಬೇಕು. ಜುಲೈನಲ್ಲಿ ನಮ್ಮೂರಲ್ಲಿ ಎದುರುಮನೆ ಕಂಡರೆ ಪುಣ್ಯ! ಇದಕ್ಕೆ ಪರಿಹಾರ ಐಎಲ್‌ಎಸ್ ಎಂಬ ವ್ಯವಸ್ಥೆ. ರನ್‌ವೇ ಬಳಿಯಿಂದ ಎರಡು ರೇಡಿಯೊ ಸಂಕೇತ ಹೊರಡುತ್ತವೆ. ಒಂದು, ವಿಮಾನ ಎಡಕ್ಕಿದೆಯೋ ಬಲಕ್ಕಿದೆಯೋ ಹೇಳುತ್ತದೆ. ಇನ್ನೊಂದು, ಸುಮಾರು 3 ಡಿಗ್ರಿ ಇಳಿಜಾರಿನ ದಾರಿ ತೋರಿಸುತ್ತದೆ. ಇದರ ಮೊದಲ ದರ್ಜೆಯಲ್ಲೇ 200 ಅಡಿ ಎತ್ತರದವರೆಗೆ ಮೋಡದೊಳಗೇ ಬರಬಹುದು. ಅಲ್ಲಿ ರನ್‌ವೇ ಕಂಡರೆ ಇಳಿಯುವುದು, ಇಲ್ಲದಿದ್ದರೆ ಮತ್ತೆ ಮೇಲೇರುವುದು. ರನ್‌ವೇ ಮೇಲೆ 550 ಮೀಟರ್ ಕಂಡರೆ ಸಾಕು. 5 ಕಿಲೋಮೀಟರ್ ಎಲ್ಲಿ, 550 ಮೀಟರ್ ಎಲ್ಲಿ!

ಇನ್ನೊಂದು ದಾರಿಯೂ ಇದೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್. ಉಪಗ್ರಹದಿಂದ ದಾರಿ ತೋರಿಸುವ ವ್ಯವಸ್ಥೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನವೊಂದನ್ನು ಇದೇ ವ್ಯವಸ್ಥೆಯಿಂದ ಇಳಿಸಿ ತೋರಿಸಿದರು. ಬೆಂಗಳೂರಿನಿಂದ ನಮ್ಮಲ್ಲಿಗೆ ಮೊದಲು ಬಂದದ್ದೂ ಎಟಿಆರ್ ಜಾತಿಯ ವಿಮಾನವೇ. ಹಾಗಾದರೆ ಇಲ್ಲಿಗೆ ಯಾಕೆ ಆಗಬಾರದು? ವಿದ್ಯಾರ್ಥಿಗಳೇ, ಈ ಪ್ರಶ್ನೆ ಬರೆದುಕೊಳ್ಳಿ. ಯಾರು ವೇದಿಕೆ ಹತ್ತಿದರೂ ಕೇಳಿ.

ರನ್‌ವೇ ಸಾಲದು ಎಂದು ಯಾರೂ ಹೇಳುವಂತಿಲ್ಲ. ನಮ್ಮದು 3.2 ಕಿಲೋಮೀಟರ್. ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇದೇ ಉದ್ದ. ಏರ್‌ಬಸ್, ಬೋಯಿಂಗ್ ಆರಾಮಾಗಿ ಇಳಿಯುತ್ತವೆ. ಎಟಿಆರ್‌ಗೆ ಇದರ ಅರ್ಧವೂ ಬೇಕಾಗಿಲ್ಲ. ಬೇರೆ ಬೆಟ್ಟದ ಊರುಗಳಿಗೆ ಈ ಭಾಗ್ಯ ಇಲ್ಲ. ಸಿಕ್ಕಿಂನ ಪಾಕ್ಯೊಂಗ್ ನೋಡಿ. ಬೆಟ್ಟ ಕಡಿದು, ಸುಮಾರು 80 ಮೀಟರ್ ಎತ್ತರದ ಗೋಡೆ ಕಟ್ಟಿ, ಅದರ ಮೇಲೆ 1.7 ಕಿಲೋಮೀಟರ್ ರನ್‌ವೇ ಮಾಡಿದರು. ಇಂಜಿನಿಯರುಗಳಿಗೆ ಕೈ ಮುಗಿಯಬೇಕು. 2018ರಲ್ಲಿ ಉದ್ಘಾಟನೆ ಆಯಿತು, ದೇಶವೆಲ್ಲ ಫೋಟೋ ನೋಡಿತು. 2019ರ ಜೂನ್‌ಗೆ ಹಾರಾಟ ನಿಂತಿತು. ಮೋಡ, ಮಂಜು. ಮತ್ತೆ ವಿಮಾನ ಬಂದದ್ದು 2021ರ ಜನವರಿಯಲ್ಲಿ. ಅಷ್ಟು ದಿನ ಗ್ಯಾಂಗ್ಟಾಕ್‌ಗೆ ಹೋಗುವವರು ಮೊದಲಿನ ಹಾಗೆ ಬಾಗ್ಡೋಗ್ರಾದಲ್ಲಿ ಇಳಿದು, ತೀಸ್ತಾ ಪಕ್ಕದ ಘಾಟಿ ರಸ್ತೆ ಹಿಡಿದರು. ಲೇಹ್‌ನಲ್ಲಿ ಮಧ್ಯಾಹ್ನದ ಗಾಳಿ ಜೋರು ಎಂದು ವಿಮಾನಗಳೆಲ್ಲ ಬೆಳಗ್ಗೆಯೇ ಬಂದು ಹೋಗುವ ವೇಳಾಪಟ್ಟಿ ಮಾಡಿಕೊಂಡರು, ಆ ನಿಲ್ದಾಣ ಬೆಳೆಯಿತು. ಊರಿನ ಹವೆಯನ್ನು ಮೊದಲು ಕೇಳಬೇಕು.

ಸಣ್ಣ ಊರುಗಳಿಗೆ ವಿಮಾನ ಓಡಿಸಲು ಕೇಂದ್ರ ಸರ್ಕಾರ ತಂದ ಉಡಾನ್ ಯೋಜನೆಯ ಸಹಾಯಧನದ ಬಗ್ಗೆ ಒಂದು ಮಾತು. ಒಂದು ಮಾರ್ಗಕ್ಕೆ ಅದು ಸಿಗುವುದು ಮೂರು ವರ್ಷ. ಆಮೇಲೆ ಪ್ರಯಾಣಿಕರೇ ಆ ಮಾರ್ಗವನ್ನು ಉಳಿಸಿಕೊಳ್ಳಬೇಕು. ಮಳೆಗಾಲದಲ್ಲಿ ಎರಡು ಸಲ ವಾಪಸ್ ಹೋದ ವಿಮಾನವನ್ನು ಮೂರನೇ ಸಲ ಯಾರು ನಂಬುತ್ತಾರೆ? ಜನಶತಾಬ್ದಿ ರೈಲು ಹತ್ತುತ್ತಾರೆ. ಅದು ಮಳೆಗೆ ಹೆದರುವುದಿಲ್ಲ. ನೋಡಿ, ಎಲ್ಲಿಂದ ಹೊರಟರೂ ನಾನು ಅಜ್ಜಿಯ ಪ್ರಶ್ನೆಗೇ ಬರುತ್ತೇನೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಎರಡನೇ ವಿಷಯ ರಸ್ತೆ. ಸೋಗಾನೆಯಿಂದ ಜೋಗಕ್ಕೆ ನೂರು ಕಿಲೋಮೀಟರ್ ಆಸುಪಾಸು. ವಿಮಾನದಲ್ಲಿ ಒಂದು ಗಂಟೆಗೆ ಬಂದವನು ಬಸ್ಸಿಗೆ ಎರಡು ಗಂಟೆ ಕಾದರೆ ಏನು ಪ್ರಯೋಜನ? ವಿಮಾನದ ವೇಳೆಗೆ ಹೊಂದಿಕೊಂಡು ಸಾಗರದ ಕಡೆಗೊಂದು, ತೀರ್ಥಹಳ್ಳಿ-ಶೃಂಗೇರಿ ಕಡೆಗೊಂದು ಬಸ್ ಬೇಕು. ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ 2025ರ ಜುಲೈನಲ್ಲಿ ತೆರೆಯಿತು. ಲಾಂಚ್‌ಗಾಗಿ ಅಂಬಾರಗೋಡ್ಲಿನಲ್ಲಿ ಗಂಟೆಗಟ್ಟಲೆ ಕಾದವರಿಗೆ ಅದರ ಬೆಲೆ ಗೊತ್ತು. ಈಗ ಕೊಲ್ಲೂರಿನ ಕಡೆಗೂ ದಾರಿ ಹತ್ತಿರವಾಯಿತು. ಇದನ್ನೆಲ್ಲ ಒಟ್ಟಿಗೆ ಇಟ್ಟು ಯೋಚಿಸುವ ಒಂದು ಮೇಜು ಜಿಲ್ಲೆಯಲ್ಲಿ ಇರಬೇಕು. ಆ ಮೇಜಿನ ಸುತ್ತ ಕೊಡಚಾದ್ರಿ ಜೀಪು ಓಡಿಸುವವರೂ ಕೂತಿರಬೇಕು.

ಮೂರನೆಯದು, ಭೂಮಿ ಕೊಟ್ಟವರು. ಅರ್ಧ ಗಂಟೆ ಮಾತಾಡಬೇಕು ಎಂದುಕೊಂಡಿದ್ದೆ. ಈಗ ಇಷ್ಟೇ ಹೇಳುತ್ತೇನೆ. ಶರಾವತಿಯ ಮುಳುಗಡೆ ಕಂಡ ಜಿಲ್ಲೆ ಇದು. ಅಭಿವೃದ್ಧಿಗೆ ಜಾಗ ಬಿಟ್ಟವರ ಕಾಗದಪತ್ರ ಎಷ್ಟು ದಶಕ ಅಲೆಯುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೋಗಾನೆಯ ರೈತರಿಗೆ ಕೊಟ್ಟ ಮಾತು ಮೊದಲು ಈಡೇರಲಿ, ನಿಲ್ದಾಣದ ಕೆಲಸಗಳಲ್ಲಿ ಅವರ ಮಕ್ಕಳಿಗೆ ಮೊದಲ ಅವಕಾಶ ಸಿಗಲಿ.

ಕಸ, ನೀರು, ಕಾಡಿನ ಮೇಲಿನ ಹೊರೆ, ಇವು ನನ್ನ ಚೀಟಿಯಲ್ಲೇ ಉಳಿದವು. ಇನ್ನು ಹತ್ತು ನಿಮಿಷ ಪ್ರಶ್ನೆಗಳಿಗೆ ಇದೆ ಎನ್ನುತ್ತಿದ್ದಾರೆ. ಮೊದಲು ಹೋಂಸ್ಟೇಯವರು ಕೇಳಲಿ. ಕಳೆದ ಮಳೆಗಾಲದಲ್ಲಿ ವಿಮಾನ ಬರಲಿಲ್ಲ ಎಂದು ಯಾರ ಯಾರ ಬುಕಿಂಗ್ ರದ್ದಾಯಿತು? ಕೈ ಎತ್ತಿ. ಎಷ್ಟು ಕೈ ಎಂದು ಬರೆದುಕೊಂಡು, ಅದನ್ನೇ ಮನವಿಯಲ್ಲಿ ಸೇರಿಸೋಣ.