ನೀರು ಬಂದಾವ್ರೀ: ಧಾರವಾಡದಲ್ಲಿ ಬದುಕುವುದು ಅಂದರೆ

ಎಲ್ಲರಿಗೂ ನಮಸ್ಕಾರ.

ನಾನು ತುಮಕೂರಿನ ಕಡೆಯವಳು. 1996ರ ಜೂನ್‌ನಲ್ಲಿ ಬ್ಯಾಂಕಿನ ವರ್ಗಾವಣೆ ಮೇಲೆ ಧಾರವಾಡಕ್ಕೆ ಬಂದೆ. ಮೂರು ವರ್ಷ ಇದ್ದು ವಾಪಸ್ ಹೋಗೋದು ಅಂತ ಲೆಕ್ಕ ಹಾಕಿಕೊಂಡಿದ್ದೆ. ಹೋಗಲಿಲ್ಲ. ನಿವೃತ್ತಿಯಾದ ಮೇಲೂ ಇಲ್ಲೇ ಇದ್ದೇನೆ. ಯಾಕೆ ಅಂತ ನಮ್ಮ ಊರಿನವರು ಇವತ್ತಿಗೂ ಕೇಳುತ್ತಾರೆ. ಅದಕ್ಕೆ ಉತ್ತರ ಹೇಳೋಕೆ ಈ ಸಂಜೆ ಪ್ರಯತ್ನ ಮಾಡುತ್ತೇನೆ.

ಬಂದ ವಾರ ಜಿಟಿಜಿಟಿ ಮಳೆ. ಬೆಳಿಗ್ಗೆ ಇನ್ನೂ ಕತ್ತಲು. ಯಾರೋ ಬಾಗಿಲು ಬಡಿದರು. ‘ಅಕ್ಕಾರ, ಏಳ್ರೀ, ನೀರು ಬಂದಾವ್ರೀ!’ ಬಾಗಿಲು ತೆಗೆದರೆ ಪಕ್ಕದ ಮನೆಯವರು. ತಲೆ ಮೇಲೆ ಸೆರಗು, ಕೈಯಲ್ಲಿ ತಮ್ಮ ಮನೆಯ ಪೈಪು. ನನ್ನ ಹತ್ತಿರ ಇದ್ದದ್ದು ಎರಡೇ ಬಕೆಟ್ ಅಂತ ಅವರು ಹಿಂದಿನ ದಿನವೇ ನೋಡಿಕೊಂಡಿದ್ದರು. ‘ಇವತ್ತ ತುಂಬಿಕೊಳ್ಳಲಿಲ್ಲಂದ್ರ ಮತ್ತ ಎಂಟ ದಿನಾ ಇಲ್ಲ ನೋಡ್ರಿ’ ಅಂದು ತಮ್ಮದೇ ಒಂದು ಹಂಡೆ ತಂದು ನಮ್ಮ ಅಡುಗೆಮನೆಯಲ್ಲಿಟ್ಟರು. ಆ ಹಂಡೆ ಆರು ತಿಂಗಳು ನಮ್ಮ ಮನೆಯಲ್ಲೇ ಇತ್ತು.

ನಮ್ಮ ಕಡೆ ನೀರು ಬರುತ್ತೆ. ಇಲ್ಲಿ ನೀರು ಬರ್ತಾವ. ನೀರಿಗೂ ಬಹುವಚನ! ನಾನು ಕಲಿತ ಮೊದಲ ಧಾರವಾಡದ ಮಾತು ಅದೇ. ಹಾಗಂತ ಎಂಟು ದಿನಕ್ಕೊಮ್ಮೆ ನೀರು ಬರುವುದು ಚೆಂದ ಅಂತ ನಾನು ಹೇಳುತ್ತಿಲ್ಲ. ಅದರಿಂದ ಹೆಂಗಸರು ಪಟ್ಟ ಕಷ್ಟ ನನಗೆ ಗೊತ್ತು. ಆದರೆ ಆ ಕಷ್ಟದಲ್ಲಿ ಯಾರ ಮನೆ ಬಾಗಿಲೂ ಬಡಿಯದೆ ಉಳಿಯಲಿಲ್ಲ. ಇದನ್ನೂ ಹೇಳಬೇಕು ಅಲ್ವಾ?

ಧಾರವಾಡದಲ್ಲಿ ಕಲ್ಲು ಒಗೆದರೆ ಕವಿಯ ಮನೆ ಮೇಲೆ ಬೀಳುತ್ತದೆ ಅಂತ ಮಾತಿದೆ. ಊರಿನ ಪ್ರೀತಿ ಅಂದ ತಕ್ಷಣ ನಾವೆಲ್ಲ ದೊಡ್ಡವರ ಹೆಸರು ಹೇಳಲು ಶುರು ಮಾಡುತ್ತೇವೆ. ಕವಿ ಬೇಂದ್ರೆಯವರು, ಗಾಯಕರಾದ ಮಲ್ಲಿಕಾರ್ಜುನ ಮನಸೂರರು, ಬಸವರಾಜ ರಾಜಗುರುಗಳು. ಹೆಮ್ಮೆ ಸರಿಯೇ. ಆದರೆ ಊರನ್ನು ಪ್ರೀತಿಸಲು ಅದೊಂದೇ ಕಾರಣ ಅಂತ ನನಗೆ ಅನಿಸುವುದಿಲ್ಲ. ಈ ಊರಿನ ಚಿಕ್ಕ ಅಳತೆಯೇ ದೊಡ್ಡ ಕಾರಣ. ಇಲ್ಲಿ ಒಮ್ಮೆ ಸಿಕ್ಕವರು ಮತ್ತೆ ಸಿಗುತ್ತಾರೆ. ಬೆಳಿಗ್ಗೆ ಸೂಪರ್ ಮಾರ್ಕೆಟ್ ಅನ್ನುವ ತರಕಾರಿ ಮಾರುಕಟ್ಟೆಯಲ್ಲಿ ಕೊತ್ತಂಬರಿ ಚೌಕಾಸಿ ಮಾಡುವಾಗ ಸಿಕ್ಕವರು ಸಂಜೆ ಸಾಧನಕೇರಿಯ ಕೆರೆ ದಂಡೆ ಮೇಲೆ ಸಿಗುತ್ತಾರೆ. ಹಾಗಾಗಿ ಇಲ್ಲಿ ಜಗಳವನ್ನು ಜಾಸ್ತಿ ದಿನ ಇಟ್ಟುಕೊಳ್ಳೋಕೆ ಆಗೋದಿಲ್ಲ. ‘ಬರ್ರಿ, ಚಾ ಕುಡಿಯೂಣು’ ಅಂದರೆ ಮುಗಿಯಿತು.

ಕವಿಗಳು, ಗಾಯಕರು ಬೆಳೆದದ್ದೂ ಇದೇ ಅಳತೆಯಿಂದ. ಸುಭಾಷ್ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ ಪ್ರಕಾಶನ ಅದು. ಆ ಅಟ್ಟದಲ್ಲಿ ಹೆಸರಾದ ಲೇಖಕರ ಪಕ್ಕದಲ್ಲೇ ಕಾಲೇಜು ಹುಡುಗರೂ ಕೂರಬಹುದಾಗಿತ್ತು. ಗಿರೀಶ ಕಾರ್ನಾಡರು ಓದಿದ್ದು ಇಲ್ಲಿನ ಕರ್ನಾಟಕ ಕಾಲೇಜಿನಲ್ಲಿ, ಅವರ ಮೊದಲ ನಾಟಕ ಅಚ್ಚಾಗಿ ಬಂದಿದ್ದು ಈ ಅಟ್ಟದಿಂದ. ಕಾಲೇಜಿನಿಂದ ಅಟ್ಟಕ್ಕೆ ನಡೆದೇ ಹೋಗಬಹುದು. ಈ ನಡಿಗೆಯ ದೂರ ನನಗೆ ಬಹಳ ಮುಖ್ಯ ಅನಿಸುತ್ತದೆ.

ಇನ್ನೊಂದು ಮಾತು. ಈ ಊರು ಹೊರಗಿನಿಂದ ಬಂದವರನ್ನು ‘ನೀವು ಯಾರು’ ಅಂತ ಬಹಳ ದಿನ ಕೇಳುವುದಿಲ್ಲ. ಬೇಂದ್ರೆಯವರ ಮನೆಮಾತು ಮರಾಠಿ. ಆದರೆ ಧಾರವಾಡದ ಓಣಿಯ ಕನ್ನಡಕ್ಕೆ ಅವರಷ್ಟು ಹತ್ತಿರ ಹೋದವರು ಯಾರಿದ್ದಾರೆ? ಇಷ್ಟೆಲ್ಲ ಯಾಕೆ, ನಮ್ಮ ಫೇಡೆಯೂ ವಲಸೆ ಬಂದಿದ್ದೇ! ಪ್ಲೇಗಿಗೆ ಹೆದರಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ ಅದನ್ನು ಇಲ್ಲಿ ಮಾಡತೊಡಗಿತು ಅಂತ ಹೇಳುತ್ತಾರೆ. ಹಾಲು ಮಾತ್ರ ಇಲ್ಲಿನ ಗೌಳಿಗರ ಎಮ್ಮೆಗಳದ್ದು. ಲೈನ್ ಬಜಾರಿನಲ್ಲಿ ಖೋವಾ ಹುರಿಯುವಾಗ ಒಮ್ಮೆ ನಿಂತು ನೋಡಿ. ಬೆಳ್ಳಗಿದ್ದದ್ದು ಕೈ ಬಿಡದೆ ತಿರುವುತ್ತಾ ತಿರುವುತ್ತಾ ಕಂದು ಬಣ್ಣಕ್ಕೆ ಬರುತ್ತದೆ. ಆಮೇಲೆ ಉಂಡೆ ಮಾಡಿ ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಆ ವಾಸನೆಗೆ ರಸ್ತೆಯಲ್ಲಿ ಹೋಗುವವರ ಕಾಲು ತಾನಾಗಿ ನಿಲ್ಲುತ್ತದೆ.

ನೆಲವೂ ಹಾಗೆಯೇ. ಪಶ್ಚಿಮಕ್ಕೆ ಹೋದರೆ ಕೆಂಪು ಮಸಾರಿ ಮಣ್ಣು, ಭತ್ತ, ಕಾಡಿನ ಗಾಳಿ. ಪೂರ್ವಕ್ಕೆ ನವಲಗುಂದದ ದಾರಿ ಹಿಡಿದರೆ ಕಪ್ಪು ಎರಿ ಹೊಲ, ಹತ್ತಿ, ಜೋಳ. ಮಲೆನಾಡೂ ಬಯಲುಸೀಮೆಯೂ ಸೇರುವ ಅಂಚಿನಲ್ಲಿ ಊರಿದೆ. ಮಳೆಗಾಲದ ಸಂಜೆ ಮಂಡಕ್ಕಿಯ ಗಿರ್ಮಿಟ್ ಜೊತೆ ಬಿಸಿ ಮಿರ್ಚಿ ಭಜಿ ತಿನ್ನುವಾಗ ಇದು ಚೆನ್ನಾಗಿ ಅರ್ಥವಾಗುತ್ತದೆ.

ಇಲ್ಲಿನವರ ಪ್ರೀತಿ ಸುಮ್ನೆ ಕೂತು ಹೊಗಳುವ ಪ್ರೀತಿ ಅಲ್ಲ. ಕನ್ನಡ ಮಾತಾಡುವ ನಾಡು ಬೇರೆ ಬೇರೆ ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲದಲ್ಲಿ, 1890ರಲ್ಲಿ, ರಾ.ಹ. ದೇಶಪಾಂಡೆಯವರು ಇಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ‘ಸಿರಿಗನ್ನಡಂ ಗೆಲ್ಗೆ’ ಅನ್ನುವ ಮಾತು ಅವರು ಕೊಟ್ಟದ್ದು. ಇವತ್ತಿಗೂ ಸಂಘದ ಅಂಗಳದಲ್ಲಿ ಸಭೆ ಇಲ್ಲದ ದಿನ ಕಡಿಮೆ.

ಹುಬ್ಬಳ್ಳಿ ಇಲ್ಲಿಂದ ಬರೀ 20 ಕಿಲೋಮೀಟರ್. 1962ರಲ್ಲಿ ಎರಡೂ ಊರು ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು. 2011ರ ಜನಗಣತಿಯಲ್ಲಿ ಎರಡೂ ಸೇರಿ ಒಂಬತ್ತು ಲಕ್ಷ ದಾಟಿತ್ತು. ಹುಬ್ಬಳ್ಳಿಯವರ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ. ಸೀರೆ, ಚಿನ್ನ ಕೊಳ್ಳೋಕೆ ಅಲ್ಲಿಗೇ ಓಡುತ್ತೇವೆ. ಆದರೆ ರಾತ್ರಿ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಹತ್ತಿ ಧಾರವಾಡದ ಜುಬಿಲಿ ವೃತ್ತದ ಕಡೆ ಬರುವಾಗ ಜೀವ ತಣ್ಣಗಾಗುತ್ತದೆ. ನಮ್ಮ ಊರಿಗೆ ಬೇರೆ ಪಾಲಿಕೆ ಬೇಕು ಅಂತ ಇಲ್ಲಿನ ಜನ ವರ್ಷಗಟ್ಟಲೆ ಕೇಳಿದರು. 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿತು. ನಮ್ಮ ಓಣಿಯಲ್ಲಿ ಆ ದಿನ ಫೇಡೆ ಹಂಚಿದರು.

ರಸ್ತೆ ಅಗಲ ಮಾಡುವಾಗ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ದೊಡ್ಡ ಮರಗಳು ಹೋದವು. ಆ ನೆರಳು ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಗಿಡ ನೆಡುವ ಕೆಲಸಕ್ಕೆ ನಿಮ್ಮಲ್ಲಿ ಯಾರಾದರೂ ಬರುವುದಾದರೆ ಹೇಳಿ, ನಾನೂ ಬರುತ್ತೇನೆ.

ನನಗೆ ಮೊದಲ ಹಂಡೆ ಕೊಟ್ಟ ಆ ಅಕ್ಕ ಈಗಿಲ್ಲ. ಹೋದ ತಿಂಗಳು ನಮ್ಮ ಮೇಲಿನ ಮನೆಗೆ ಮೈಸೂರಿನಿಂದ ಹೊಸ ಸಂಸಾರ ಬಂತು. ಅವರ ಹತ್ತಿರವೂ ಎರಡೇ ಬಕೆಟ್. ನಾಳೆ ನಸುಕಿಗೆ ನೀರಿನ ಪಾಳಿ ಇದೆ, ಎದ್ದು ಅವರ ಬಾಗಿಲು ಬಡಿಯಬೇಕು. ಹಾಗಾಗಿ ಇಲ್ಲಿಗೆ ನಿಲ್ಲಿಸುತ್ತೇನೆ. ಬರ್ತೀನ್ರಿ.